ಹಳದಿ ಗೋಡೆಯ ಮುಂದೆ ಹಾದವಳು

“ಇವಳು ನನ್ನ ಹೆಂಡ್ತಿ,” ಎಂದು ಆತ ಪತ್ರಿಕೆಯ ತುಣುಕನ್ನು ಕೌಂಟರಿನ ಮೇಲೆ ಸವರಿ ಇಟ್ಟ.

ಸ್ಟುಡಿಯೋದವಳಿಗೆ ನಗು ಬಂತು. ಬಿಸಿಲಿಗೆ ಧಗಧಗಿಸುವ ಹಳದಿ ಗೋಡೆ, ಅದರ ಮುಂದೆ ಚೀಲ ಹಿಡಿದು ಹೋಗುವ ಒಂದು ಕಪ್ಪು ಆಕೃತಿ, ಅವಳೇ ತೆಗೆದು ಕಳಿಸಿದ್ದ ಆ ಚಿತ್ರದಲ್ಲಿ ಇದ್ದದ್ದೇ ಅಷ್ಟು. ದಿನವಿಡೀ ಪಾಸ್‌ಪೋರ್ಟ್ ಫೋಟೊ ತೆಗೆದು ಮುಖಗಳೆಂದರೆ ಸಾಕಪ್ಪಾ ಸಾಕು ಎನಿಸಿದಾಗ ಅವಳು ಕ್ಯಾಮೆರಾ ಹಿಡಿದು ಬೀದಿಗಿಳಿಯುತ್ತಿದ್ದುದೇ ಇಂಥದ್ದಕ್ಕೆ. ಮುಖವೇ ಕಾಣದ ಮೇಲೆ ಯಾರ ಅಪ್ಪಣೆ ಕೇಳಬೇಕು?

“ಇದರಲ್ಲಿ ಮುಖವೇ ಇಲ್ವಲ್ಲ ಸ್ವಾಮಿ.”

“ಮುಖ ಯಾಕೆ ಮೇಡಂ? ಎಡಭುಜ ನೋಡಿ, ಹೇಗೆ ಜೋತುಬಿದ್ದಿದೆ. ನನ್ನ ಕೈಯಿಂದಲೇ ಆಗಿದ್ದು. ನನಗೆ ಗೊತ್ತಾಗಲ್ವಾ?” ದನಿ ಬೆಣ್ಣೆಯಂತಿತ್ತು. “ಎರಡು ವರ್ಷದಿಂದ ಹುಡುಕ್ತಿದೀನಿ. ಕೆಳಗೆ ನಿಮ್ಮ ಸ್ಟುಡಿಯೋ ಹೆಸರು, ಸಂಜೆ ಐದೂಕಾಲು ಅಂತ ಹಾಕಿದಾರೆ, ಜಾಗ ಹಾಕಿಲ್ಲ. ಎಲ್ಲಿ ತೆಗೆದಿದ್ದು?”

ಅವಳು ತುಣುಕನ್ನು ಆತನ ಕಡೆಗೆ ತಳ್ಳಿದಳು. “ಈ ಊರಲ್ಲ. ಎಲ್ಲೋ ಪ್ರವಾಸ ಹೋದಾಗ ತೆಗೆದಿದ್ದು.”

“ಹೌದಾ? ಸರಿ, ಬರ್ತೀನಮ್ಮ.” ಆತ ತುಣುಕನ್ನು ಮಡಿಸಿ, ನಗುತ್ತಲೇ ಹೊರಟ.

ಸದ್ಯ ಎಂದು ಉಸಿರು ಬಿಟ್ಟವಳು ಗಾಜಿನಾಚೆ ನೋಡಿದಳು. ಆತ ಅಂಗಡಿಯ ಷೋಕೇಸಿನ ಮುಂದೆ ನಿಂತಿದ್ದ. ಅಲ್ಲಿ ಅದೇ ಚಿತ್ರ ದೊಡ್ಡದಾಗಿ, ಇಡಿಯಾಗಿ ತೂಗುತ್ತಿತ್ತು. ಅಂದ ಕೆಡಿಸುತ್ತದೆಂದು ಪತ್ರಿಕೆಗೆ ಕಳಿಸುವಾಗ ಕತ್ತರಿಸಿದ್ದ ಲಾಂಡ್ರಿಯ ಬೋರ್ಡು ಇದರ ಅಂಚಿನಲ್ಲಿ ಹಾಗೇ ಉಳಿದಿತ್ತು. ಆತ ಬಗ್ಗಿ ಅದನ್ನು ಓದಿದ. ಆಮೇಲೆ ಕೈಗಡಿಯಾರ ನೋಡಿದ.

ಐದಾಗಿತ್ತು. ಬಾಗಿಲು ಹಾಕುವ ಗೊಡವೆಗೂ ಹೋಗದೆ ಅವಳು ಹಿಂದಿನ ಓಣಿಯಲ್ಲಿ ಬಿದ್ದಂಬೀಳ ಓಡಿದಳು. ಅಯ್ಯೋ, ನನ್ನ ಚಪಲಕ್ಕಿಷ್ಟು ಬೆಂಕಿ ಹಾಕ! ಒಂದು ಮಾತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಲಾಂಡ್ರಿಯ ಎದುರು ಗೋಡೆಯ ಹಳದಿ ಕಣ್ಣಿಗೆ ರಾಚುತ್ತಿತ್ತು. ಅದರ ಮುಂದೆ ಹಾದವರೆಲ್ಲ ಬರೀ ಕಪ್ಪು. ಗಂಡಸು ಯಾರು, ಹೆಂಗಸು ಯಾರು, ಅವನು ಆಗಲೇ ಬಂದು ನಿಂತಿದ್ದಾನೋ ಏನೋ, ಒಂದೂ ತಿಳಿಯಲಿಲ್ಲ. ದಿನಾ ಹುಡುಕಿಕೊಂಡು ಬರುತ್ತಿದ್ದ ಆ ಕಪ್ಪಿನಲ್ಲಿ ಇಂದು ಅವಳು ಮುಖಗಳನ್ನು ಹುಡುಕಿದಳು.

ಕೊನೆಗೆ ಎಡಭುಜ ಜೋತುಬಿದ್ದ ಆ ಹೆಂಗಸು ಬಂದಳು. ಇವಳು ಹೋಗಿ ಕೈ ಹಿಡಿದುಕೊಂಡಳು. “ಅಕ್ಕಾ, ನಿಮ್ಮ ಗಂಡ ಇಲ್ಲಿಗೇ ಬರ್ತಿದಾನೆ. ನಿಮ್ಮ ಫೋಟೊ ಪೇಪರಿಗೆ ಕೊಟ್ಟೋಳು ನಾನೇ. ತಪ್ಪಾಯ್ತು.”

ಆಕೆ ಬೈಯಲಿಲ್ಲ, ಅಳಲೂ ಇಲ್ಲ. “ಓಡಬಾರದು,” ಎಂದಳು ಮೆಲ್ಲಗೆ. “ಓಡೋರನ್ನ ಅವನು ಮೊದಲು ನೋಡ್ತಾನೆ. ನನ್ನ ಎಡಗಡೆ ಬನ್ನಿ. ಹೆಗಲ ಮೇಲೆ ಕೈ ಹಾಕಿ. ಗೆಳತೀರ ಹಾಗೆ ನಡೀರಿ. ಹಿಂದೆ ಮಾತ್ರ ನೋಡ್ಬೇಡಿ.”

ರಸ್ತೆ ದಾಟಿ ಗೋಡೆಯ ಬದಿಯ ಬಿಸಿಲಿನಲ್ಲಿ ನಡೆದರು. ಗೋಡೆಯ ಮೇಲೆ ಇಬ್ಬರ ನೆರಳೂ ಒಂದಾಗಿ ಸಾಗಿತು. ಬೆನ್ನ ಹಿಂದೆ ಹೆಜ್ಜೆ ಸಪ್ಪಳವಾಯಿತು. ಗೋಡೆಯ ಮೇಲೆ ಇನ್ನೊಂದು ನೆರಳು ಮೂಡಿತು, ಹತ್ತಿರ ಬಂತು, ಇವರದರೊಳಗೆ ಸೇರಿತು, ಮೆಲ್ಲಗೆ ದಾಟಿ ಮುಂದೆ ಹೋಯಿತು. ಯಾರದೆಂದು ನೋಡಲು ಇಬ್ಬರೂ ತಲೆಯೆತ್ತಲಿಲ್ಲ.