ಬಾಗಿಲು ತೆಗೆಯದ ಮನೆಗಳು

ನಮ್ಮ ನಿರ್ದೇಶಕರಿಗೆ ಆಫೀಸಿನವರೆಲ್ಲ ಸೇರಿ ಇಟ್ಟ ಹೆಸರು ಸಮತೋಲನ. ಮನೆಗೆ ಬೆಂಕಿ ಬಿದ್ದಿದೆ ಎಂದರೂ ಬೆಂಕಿಯ ಕಡೆಯಿಂದಲೂ ಒಮ್ಮೆ ಯೋಚಿಸೋಣ ಎನ್ನುವ ಆಸಾಮಿ. ಒಳ್ಳೆಯವರು, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬಾಯಿಗೆ ಬಂದಂತೆ ಬೈದು ಎದ್ದು ಬರಬಹುದಿತ್ತು.

ನಮ್ಮದು ಸಾರ್ವಜನಿಕ ನೀತಿಯ ಸಂಸ್ಥೆ. ಸರ್ಕಾರ ಕೇಳಿದ್ದನ್ನು ಅಧ್ಯಯನ ಮಾಡಿ, ಇದು ಬೇಕು, ಇದು ಬೇಡ ಎಂದು ವರದಿ ಬರೆದುಕೊಡುವುದು ಕೆಲಸ. ಈ ಸಲ ಕೇಳಿದ್ದು ಮನೆಗೇ ಬರುವ ನರ್ಸುಗಳ ಬಗ್ಗೆ. ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟಿ ಹೋಗುವ ಈ ಸರ್ಕಾರಿ ನರ್ಸು ಇನ್ನು ಮುಂದೆ ಯಾವ ಬೀದಿಗೆ ಬೇಕು, ಯಾವ ಬೀದಿಗೆ ಬೇಡ? ಸಮೀಕ್ಷೆಯವರು ಮನೆ ಮನೆಯ ಬಾಗಿಲು ತಟ್ಟಿ ಬಂದರು. ಒಂದೇ ಮನೆ ಬೇಕೆಂದರೂ ಆ ಬೀದಿಗೆ ಹಸಿರು, ಯಾರೂ ಬೇಕೆನ್ನದ ಬೀದಿಗೆ ಬಿಳಿ ಬಣ್ಣ ತುಂಬಿ ನಕಾಶೆ ಮಾಡುವವಳು ನಾನು.

ಅಕ್ಕನ ಬೀದಿ ಬೆಳ್ಳಗೆ ಬಂತು.

ಅಕ್ಕ ಸೊಂಟದಿಂದ ಕೆಳಗೆ ಅಲುಗಾಡಲಾರಳು. ಭಾವ ಬಸ್ಸು ಓಡಿಸುತ್ತಾರೆ, ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ದಿನಾ ಬರುವ ನರ್ಸಮ್ಮನ ಹತ್ತಿರ ಮನೆಯದೊಂದು ಬೀಗದಕೈ ಇತ್ತು. ಅವಳು ಬಂದು ಮಗ್ಗುಲು ಹೊರಳಿಸಿ ಬೆನ್ನಿನ ಹುಣ್ಣು ತೊಳೆಯದಿದ್ದರೆ ಅಕ್ಕ ಮಲಗಿದಲ್ಲೇ ಕೊಳೆಯುತ್ತಾಳೆ. ನಾನು ಉಪ್ಪು ಖಾರ ಹಚ್ಚಿ ಹೇಳುತ್ತಿಲ್ಲ, ಡಾಕ್ಟರೇ ಹೇಳಿದ ಮಾತು.

ಫೋನ್ ಮಾಡಿದೆ. "ಸಮೀಕ್ಷೆಯವರು ಬಂದಿದ್ರೇನೇ?"

"ಯಾರೋ ಬಾಗಿಲು ತಟ್ಟಿದ್ರು ಕಣೆ. ಯಾರ್ರೀ ಅದು, ನಿಂತ್ಕೊಳಿ ಅಂತ ಕೂಗ್ದೆ. ಅಷ್ಟರಲ್ಲಿ ಮೆಟ್ಟಿಲಿಳಿದು ಹೋಗಿದ್ರು."

"ಜೋರಾಗಿ ಕೂಗೋಕೇನು ಧಾಡಿ ನಿಂಗೆ?"

"ಮುಂದಿನ ಸಲ ಎದ್ದು ಓಡಿ ಹೋಗಿ ತೆಗೀತೀನಿ ಬಿಡು," ಎಂದು ನಕ್ಕಳು. ಅವಳ ನಗು ಕೇಳಿದರೆ ನನಗೆ ಅಳು ಬರುತ್ತದೆ.

ಬಾಗಿಲು ತೆಗೆಯದ ಮನೆಯನ್ನು ಏನೆಂದು ಬರೆದುಕೊಂಡಿದ್ದಾರೆ ಎಂದು ವಿಚಾರಿಸಿದೆ. 'ಬೇಡ' ಎಂದಂತೆ! ಈ ನಿಯಮ ನಮ್ಮದೇ ಹಳೆಯ ಕಸದ ಡಬ್ಬಿ ಸಮೀಕ್ಷೆಯದು. ಬಾಗಿಲು ತೆಗೆಯದ ಮನೆಯಲ್ಲಿ ಜನ ಇಲ್ಲ, ಜನ ಇಲ್ಲದ ಮೇಲೆ ಕಸ ಇಲ್ಲ, ಡಬ್ಬಿ ಬೇಡ. ಅಲ್ಲಿಗೆ ಅದು ಸರಿಯೇ. ಅದನ್ನು ಯಾರೋ ಪುಣ್ಯಾತ್ಮರು ಹಾಗೇ ಎತ್ತಿ ಇಲ್ಲಿಗೆ ತಂದು ಹಾಕಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮೀಟಿಂಗಿನಲ್ಲಿ ಕೂರುವ ಮೊದಲೇ ಶುರುಮಾಡಿದೆ. "ಸಾರ್, ಎದ್ದು ಬಾಗಿಲು ತೆಗೆಯೋರಿಗೆ ನರ್ಸ್ ಯಾಕೆ ಬೇಕು? ತೆಗೆಯೋಕಾಗದೆ ಬಿದ್ದಿರೋರನ್ನೆಲ್ಲ ನಾವು ಬೇಡ ಅಂತ ಬರೆದಿದೀವಲ್ಲ!"

ಎಲ್ಲರೂ ತಲೆಯಾಡಿಸಿದರು. ಸಮತೋಲನ ಕನ್ನಡಕ ತೆಗೆದು ಒರೆಸಿಕೊಂಡರು. "ತುಂಬಾ ಮುಖ್ಯವಾದ ಮಾತಮ್ಮ ಇದು. ಅಡಿಟಿಪ್ಪಣಿಯಲ್ಲಿ ಖಂಡಿತ ಹಾಕೋಣ."

"ಅಡಿಟಿಪ್ಪಣಿ ಯಾವ ಮಂತ್ರಿ ಓದ್ತಾರೆ ಸಾರ್? ನಕಾಶೆ ತಿದ್ದೋಣ. ಅದರಲ್ಲಿ ಒಂದು ಬಿಳಿ ಬೀದೀಲಿ ನಮ್ಮ ಅಕ್ಕ ಇದಾಳೆ!"

ಆ ಒಂದು ಮಾತು ಆಡಬಾರದಿತ್ತು. ಅಲ್ಲಿಯವರೆಗೆ ನನ್ನ ಕಡೆಗಿದ್ದ ಮುಖಗಳೆಲ್ಲ ಕಾಗದದ ಕಡೆಗೆ ಬಾಗಿದವು. "ಓ, ಹಾಗಾದ್ರೆ ಈ ವಿಷಯದಲ್ಲಿ ನೀವು ಮಾತಾಡೋದು ಚೆನ್ನಾಗಿರಲ್ಲಮ್ಮ," ಎಂದರು ಸಮತೋಲನ, ಬಹಳ ನೊಂದುಕೊಂಡೇ. "ನಾಳೆ ಯಾರಾದ್ರೂ ಬೆರಳು ತೋರಿಸಿದ್ರೆ ಇಡೀ ವರದಿಗೇ ಕೆಟ್ಟ ಹೆಸರು." ನಕಾಶೆ ನನ್ನ ಕೈತಪ್ಪಿ ಬೇರೆಯವರಿಗೆ ಹೋಯಿತು. ನನಗೆ ಒಂದು ಲೋಟ ಟೀ ತರಿಸಿಕೊಟ್ಟರು.

ವರದಿ ಹಾಗೇ ಹೋಯಿತು, ಬಿಳಿ ಬೀದಿಗಳಿಗೆ ನರ್ಸು ಬರುವುದು ನಿಂತಿತು. ನರ್ಸಮ್ಮ ಕಣ್ಣೊರೆಸಿಕೊಳ್ಳುತ್ತ ಬೀಗದಕೈ ವಾಪಸು ಕೊಟ್ಟು ಹೋದಳು. ಆಫೀಸಿಗೆ ಮುಂಚೆ ಒಮ್ಮೆ, ಬಿಟ್ಟ ಮೇಲೆ ಒಮ್ಮೆ ಓಡಿಬಂದು ನಾನೇ ಹುಣ್ಣು ತೊಳೆದೆ. ನನ್ನ ಕೈಗೆ ಅವಳ ಹದ ಎಲ್ಲಿಂದ ಬರಬೇಕು? ಹುಣ್ಣು ಅಂಗೈಯಗಲ ಆಯಿತು. ಅಕ್ಕನಿಗೆ ಜ್ವರ ಬಿಟ್ಟು ಬಿಟ್ಟು ಬರತೊಡಗಿತು. ಅವಳು ತಮಾಷೆ ಮಾಡುವುದನ್ನು ನಿಲ್ಲಿಸಿದಳು.

ಅಡಿಟಿಪ್ಪಣಿಯನ್ನು ಯಾರೋ ಓದಿಬಿಟ್ಟರು! ಸಮತೋಲನ ತಾವಾಗಿಯೇ ಬಂದು ಹೇಳಿದರು: "ಬಿಳಿ ಬೀದಿಗಳಿಗೆ ಗುರುವಾರ ಇನ್ನೊಂದು ಸುತ್ತು ಕಳಿಸ್ತಿದೀವಿ. ಇದೇ ಕೊನೆ. ಬಾಗಿಲು ತೆಗೆದು ಬೇಕು ಅಂದ್ರೆ ಸಾಕು, ನರ್ಸ್ ವಾಪಸ್ ಬರ್ತಾಳೆ." ಅವರ ಕಾಲಿಗೆ ಬೀಳುವುದೊಂದು ಬಾಕಿ. ಗುರುವಾರ ರಜೆ ಹಾಕಿದೆ.

ಬೆಳಿಗ್ಗೆಯಿಂದ ಮುಂಬಾಗಿಲನ್ನು ಹಾರುಹೊಡೆದೇ ಇಟ್ಟಿದ್ದೆ. ಹುಣ್ಣು ಸೋರಿ ಹಾಸಿಗೆ ಒದ್ದೆಯಾಗಿತ್ತು, ತೊಳೆಯದೆ ವಿಧಿಯಿರಲಿಲ್ಲ. ಬಟ್ಟೆ ಬಿಚ್ಚುವಾಗ ಅಕ್ಕ ಮೆಲ್ಲಗೆ ಅಂದಳು, "ಮೆಟ್ಟಿಲಲ್ಲಿ ಜನ ಓಡಾಡ್ತಿದಾರೆ ಕಣೆ. ಅಷ್ಟು ಹೊತ್ತು ಬಾಗಿಲು ಹಾಕು." ಅವಳಿಗೆ ಉಳಿದಿದ್ದು ಆ ಮಾನ ಒಂದೇ. ಹೋಗಿ ಹಾಕಿ ಬಂದೆ.

ಮಗ್ಗುಲು ಹೊರಳಿಸಿ, ಎಡಗೈಯಲ್ಲಿ ಅವಳ ಭಾರವನ್ನೆಲ್ಲ ತಡೆದು ಹಿಡಿದು ಹುಣ್ಣಿಗೆ ನೀರು ಹನಿಸುತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು.

"ಬಂದೆ! ಬಂದೆ ರೀ! ನಿಂತ್ಕೊಳಿ!" ಗಂಟಲು ಕಿತ್ತುಹೋಗುವ ಹಾಗೆ ಕೂಗಿದೆ. ಕೈ ಬಿಟ್ಟರೆ ಅಕ್ಕ ಮಂಚದಿಂದ ಕೆಳಗೆ. ಮತ್ತೆ ತಟ್ಟಿದರು.

"ನನ್ನ ಬಿಟ್ಟು ಹೋಗೇ," ಎಂದಳು ಅಕ್ಕ. "ಬಿದ್ರೆ ಬೀಳ್ತೀನಿ, ಹೋಗು!"

ಹೇಗೆ ಬಿಡಲಿ? ದಿಂಬು ಒತ್ತಿ, ಅವಳನ್ನು ಗೋಡೆಗೆ ಆನಿಸಿ, ಒದ್ದೆ ಕೈಯಲ್ಲೇ ಓಡಿ ಬಾಗಿಲು ತೆಗೆದೆ. ಯಾರೂ ಇರಲಿಲ್ಲ. ಇಣುಕಿದರೆ ಕೆಳಗೆ ರಸ್ತೆಯಲ್ಲಿ ನಮ್ಮ ಸಂಸ್ಥೆಯ ವ್ಯಾನು ಹೊರಟಿತ್ತು. ಅಯ್ಯೋ ನಿಲ್ಲಿಸಿ, ನಿಲ್ಲಿಸಿ ಎಂದು ಬಾಯಿ ಬಡಿದುಕೊಂಡೆ. ಅದು ತಿರುವು ದಾಟಿತು.

ಅಲ್ಲೇ ನಿಂತು ಸಮತೋಲನರಿಗೆ ಫೋನ್ ಮಾಡಿದೆ. "ಸಾರ್, ಈಗ ತಾನೆ ಬಂದು ಹೋದ್ರು. ನಾನು ಹೇಳ್ತಿದೀನಿ, ನಮಗೆ ಬೇಕು. ಬೇಕು ಅಂತ ಬರ್ಕೊಳಿ ಸಾರ್, ನಿಮ್ಮ ದಮ್ಮಯ್ಯ!"

"ನೀವು ಹೇಳಿದ್ದನ್ನ ಬರ್ಕೊಳೋ ಹಾಗಿಲ್ಲಮ್ಮ, ನಿಮಗೇ ಗೊತ್ತಲ್ಲ." ಅವರ ದನಿಯಲ್ಲಿ ನಿಜವಾಗಿಯೂ ಸಂಕಟವಿತ್ತು. "ಛೆ, ಎಂಥಾ ಕೆಲಸ ಆಯ್ತು. ಮನೇಲೇ ಇದ್ರಲ್ಲಮ್ಮ, ಬಾಗಿಲು ಯಾಕೆ ತೆಗೀಲಿಲ್ಲ?"

ಒಳಗಿನಿಂದ ಅಕ್ಕ ನನ್ನನ್ನು ಕೂಗುತ್ತಿದ್ದಳು. ಬಾಗಿಲಲ್ಲೇ ನಿಂತಿದ್ದ ನನಗೇ ಅದು ಸರಿಯಾಗಿ ಕೇಳಿಸಲಿಲ್ಲ.