ನೆರೆಮನೆಯ ಬೂದಿ

ಅದು ಯುದ್ಧದ ಕಾಲ. ಸುಗಟೂರಿನ ಆವಲಮ್ಮನ ಹಿತ್ತಲಲ್ಲಿ ಚಪ್ಪರದವರೆ ಹೂಬಿಟ್ಟ ವಾರವೇ ಅವಳ ಗಂಡ ಗಂಗುಲಪ್ಪ ಜ್ವರ ಬಂದು ತೀರಿಕೊಂಡ. ಬಳ್ಳಿಗೆ ಹೇನು ಹತ್ತದಂತೆ ದಿನಾ ಬೆಳಿಗ್ಗೆ ಒಲೆಯ ಬೂದಿ ಉದುರಿಸುತ್ತಿದ್ದವನು ಅವನೇ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿರಲಿಲ್ಲ. ನಾಲ್ಕನೆಯ ದಿನ ಆವಲಮ್ಮ ಹಿತ್ತಲಿಗೆ ಹೋದಾಗ ಕುಡಿಗಳಿಗೆಲ್ಲ ಕರಿಹೇನು ಮುತ್ತಿತ್ತು. ಅವಳು ಅಲ್ಲೇ ಕುಸಿದು ಕೂತಳು.

ಬೇಲಿಯ ಜಗಳವಾಗಿ ಎರಡು ವರ್ಷದಿಂದ ಮಾತು ಬಿಟ್ಟಿದ್ದ ನೆರೆಮನೆಯ ಆಂಜಿನಮ್ಮ ಮೊರದಲ್ಲಿ ಬೂದಿ ತಂದಳು.

"ಏಳಕ್ಕಾ, ಇಬ್ಬನಿ ಆರೋಕ್ ಮುಂಚೆ ಹಾಕ್ಬೇಕು. ನಮ್ಮ ಒಲೇದೇ, ತಗೋ."

ಆವಲಮ್ಮ ಏಳಲಿಲ್ಲ. ಆಂಜಿನಮ್ಮ ಒಬ್ಬಳೇ ಉದುರಿಸತೊಡಗಿದಳು. ಅರ್ಧ ಚಪ್ಪರ ಮುಗಿದಾಗ ಆವಲಮ್ಮ ಎದ್ದು ಮೊರಕ್ಕೆ ಕೈ ಹಾಕಿದಳು. ಗಂಡ ಹೋದಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು.

ಸಂಕ್ರಾಂತಿಗೆ, ಉಳಿದ ಬಳ್ಳಿಯ ಕಾಯಿಯನ್ನು ಇಬ್ಬರೂ ಕೂತು ಸುಲಿದರು.