ಗುರುವಾರದ ಬಸ್ಸು

"ಮತ್ತೆ ಕಪ್ಪು!" ಎಂದಳು ಔನೆ.

ಅಡುಗೆಮನೆಯ ಮೇಜಿನ ಮೇಲೆ ಹದಿನಾಲ್ಕು ವರ್ಷದ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿತ್ತು. ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿನುಗುತ್ತಿತ್ತು, ಅಷ್ಟೇ. ಅದರಲ್ಲಿದ್ದ ಹಳೆಯ ಆಪರೇಟಿಂಗ್ ಸಿಸ್ಟಮ್ ವಿಷಯದಲ್ಲಿ ಕಂಪನಿ ಕೈತೊಳೆದುಕೊಂಡಿತ್ತು. ಅದರ ಬದಲು ಹಗುರವಾದ ಲಿನಕ್ಸ್ ಹಾಕಿದರೆ ಇನ್ನೂ ಐದು ವರ್ಷ ಬಾಳುತ್ತದೆ ಎಂದು ಸಂಚಾರಿ ಗ್ರಂಥಾಲಯದ ಹೆಂಗಸು ಒಂದು ಪೆನ್‌ಡ್ರೈವನ್ನೂ ಎಂಟು ಪುಟದ ಕೈಪಿಡಿಯನ್ನೂ ಕೊಟ್ಟುಹೋಗಿದ್ದಳು. ನಿನ್ನೆ ಹಾಕಿದ್ದಾಗಿತ್ತು. ಇವತ್ತು ಅದು ಏಳಲೊಲ್ಲದು.

ಗಂಟೆ ಹನ್ನೆರಡೂಕಾಲು. ಎರಡಕ್ಕೆ ಪುರಸಭೆಯ ಸಭೆ. ಆ ಪುಟ್ಟ ಫಿನ್ನಿಷ್ ಊರಿಗೆ ಉಳಿದಿದ್ದ ಒಂದೇ ಬಸ್ಸು, ಗುರುವಾರದ್ದು. ಅದನ್ನೂ ನಿಲ್ಲಿಸುವ ವಿಚಾರ. ಊರವರು ಮಾತಾಡುವುದಿದ್ದರೆ ವಿಡಿಯೊದಲ್ಲೇ ಬರಬೇಕು. ಆ ದಾರಿಯಲ್ಲಿ ಔನೆ ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದ್ದಳು. ಬೆಳಿಗ್ಗೆ ಪುರಸಭೆಗೆ ಫೋನ್ ಮಾಡಿದಾಗ ಗುಮಾಸ್ತೆ, "ನಿಮ್ಮ ಯಂತ್ರ ಹಳೇದಾಯ್ತು ನೋಡಿ" ಎಂದಿದ್ದಳು. "ಹಳೇದು ಅಂತ ನೀವು ಅನ್ನೋದು" ಎಂದು ಔನೆ ಫೋನ್ ಇಟ್ಟಿದ್ದಳು.

ಪಕ್ಕದ ಮನೆಯ ತೌನೊ ಬಾಗಿಲ ಬಳಿ ಬೂಟು ಕಳಚುತ್ತ ನಕ್ಕ. "ಸರೋವರಕ್ಕೆ ಎಸೆದ್ಬಿಡೇ. ಐಸು ಇನ್ನೂ ತೆಳ್ಳಗಿದೆ, ಸಲೀಸಾಗಿ ಮುಳುಗತ್ತೆ."

"ಮೊದ್ಲು ನಿನ್ನ ಎಸೀತೀನಿ. ಬಾ, ಆರನೇ ಪುಟ ಓದು. ಅಕ್ಷರ ಸಣ್ಣ, ನಂಗೆ ಕಾಣಲ್ಲ."

ತೌನೊ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದ. "ಪಟ್ಟಿ ಬಂದ ಕೂಡಲೇ ‘ಇ’ ಒತ್ತಿ. ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೇಲಿ ಸೇರಿಸಿ, ನೋಮೋಡ್... ಇದು ಫಿನ್ನಿಷ್ ಅಲ್ವಲ್ಲೇ!"

"ಅದರ ಭಾಷೆ ಅದಕ್ಕೆ. ಒಂದೊಂದೇ ಅಕ್ಷರ ಹೇಳು."

ಅವನು ಹೇಳಿದ, ಅವಳು ಎರಡು ಬೆರಳಲ್ಲಿ ಒತ್ತಿದಳು. ಮತ್ತೆ ಕಪ್ಪು. ಮತ್ತೊಮ್ಮೆ. ಕಪ್ಪು.

"ಬಿಡು ಔನೆ. ಅವರು ಮೊದ್ಲೇ ತೀರ್ಮಾನ ಮಾಡ್ಕೊಂಡಿದಾರೆ."

"ಮಾಡ್ಕೊಂಡಿರ್ಲಿ. ನನ್ನ ಮಾತು ಕೇಳಿಸ್ಕೊಂಡು ಮಾಡ್ಲಿ." ಅವಳು ಕಾಗದ ಕಿತ್ತುಕೊಂಡು ಕಣ್ಣಿಗೆ ಅಂಟಿಸಿಕೊಂಡಳು. "‘ಡಿ’ ಆದ್ಮೇಲೆ ‘ಇ’ ಇದೆ. ಹೇಳಿದ್ಯಾ ನೀನು?"

"ಹೇಳ್ದೆ... ಹೇಳಿದ್ನಾ?"

"ಕತ್ತೆ."

‘ಇ’ ಸೇರಿಸಿ ಮತ್ತೆ ಒತ್ತಿದಳು. ಈ ಸಲ ಪರದೆ ನೀಲಿಯಾಯಿತು, ಯಂತ್ರ ಎದ್ದಿತು. ಆದರೆ ವೈಫೈ ಎಲ್ಲೂ ಕಾಣಲಿಲ್ಲ. ತಂತಿಯಲ್ಲಾದರೆ ಬರಬಹುದು ಎನ್ನುತ್ತಿತ್ತು ಏಳನೇ ಪುಟ.

"ನಿನ್ನ ಟಿವಿಗೆ ಇಂಟರ್ನೆಟ್ ತಂತಿ ಇದ್ಯಲ್ಲ, ಕಿತ್ಕೊಂಡು ಬಾ."

"ಒಂದೂವರೆಗೆ ಸ್ಕೀ ಪಂದ್ಯ ಕಣೇ!"

"ಗೊತ್ತು, ಹೋಗು."

ಎರಡು ಗಂಟೆಗೆ ಪರದೆಯ ಮೇಲೆ ಪುರಸಭೆಯವರ ಎಂಟು ಮುಖಗಳು ಮೂಡಿದವು. ಚಿತ್ರ ತಡವರಿಸುತ್ತಿತ್ತು, ಮಾತಾದರೂ ಸರಾಗವಾಗಿ ಹೋಗಲಿ ಎಂದು ಔನೆ ತನ್ನ ಕ್ಯಾಮೆರಾ ಮುಚ್ಚಿಬಿಟ್ಟಳು.

"ನೀವು ಕಾಣಿಸ್ತಿಲ್ಲ," ಎಂದ ಅಧ್ಯಕ್ಷ. "ಬಹುಶಃ ನಿಮ್ಮ ಲ್ಯಾಪ್‌ಟಾಪ್—"

"ಲ್ಯಾಪ್‌ಟಾಪ್ ಚೆನ್ನಾಗಿದೆ. ಕೇಳಿಸ್ತಿದೆ ತಾನೆ? ಬಸ್ಸಲ್ಲಿ ಮೂರೇ ಜನ ಅಂತ ಬರ್ದಿದೀರಿ. ಹೋದ ಗುರುವಾರ ಹನ್ನೊಂದು ಜನ ಇದ್ರು. ಯಾರ್ಯಾರು, ಯಾಕೆ ಹೋದ್ರು, ಹೇಳ್ತೀನಿ."

ರಕ್ತಪರೀಕ್ಷೆಗೆ ಹೋಗುವ ಹಿಲ್ಯ, ಹೆಂಡತಿಯನ್ನು ನೋಡಲು ಆಸ್ಪತ್ರೆಗೆ ಹೋಗುವ ಓಸ್ಮೊ... ಏಳನೆಯ ಹೆಸರಿಗೆ ಅಧ್ಯಕ್ಷ ಸಮಯ ಮುಗಿಯಿತೆಂದ.

"ಇನ್ನೂ ನಾಲ್ಕು ಜನ ಇದಾರೆ," ಎಂದು ಔನೆ ಮುಂದುವರಿಸಿದಳು. ಯಾರೂ ಅವಳ ಧ್ವನಿ ನಿಲ್ಲಿಸಲಿಲ್ಲ.

ಪ್ರಯಾಣಿಕರನ್ನು ಮತ್ತೆ ಎಣಿಸಬೇಕು, ವಸಂತದವರೆಗೆ ಬಸ್ಸು ಓಡಲಿ ಎಂದಾಯಿತು.

"ಗೆದ್ದೆ ಅನ್ನು," ಎಂದ ತೌನೊ.

"ಎಲ್ಲಿ ಗೆದ್ದೆ? ಬಸ್ಸು ಬರತ್ತೆ, ಅಷ್ಟೇ."

ಮುಂದಿನ ಗುರುವಾರ ಬಸ್ಸಿನಿಂದ ಇಬ್ಬರು ಹೆಂಗಸರು ಇಳಿದು ಅವಳ ಮನೆಯತ್ತ ಹಿಮ ತುಳಿಯುತ್ತ ಬಂದರು. ಒಬ್ಬಳ ಕಂಕುಳಲ್ಲಿ ಸೌನಾದ ಹಬೆಸ್ನಾನದ ಟವೆಲಿನಲ್ಲಿ ಸುತ್ತಿದ ಹಳೆಯ ಲ್ಯಾಪ್‌ಟಾಪ್; ಇನ್ನೊಬ್ಬಳದ್ದಕ್ಕೆ ಮುಚ್ಚಳವೇ ಸಡಿಲ, ದಾರ ಕಟ್ಟಿದ್ದಳು. ಔನೆ ಮೇಜಿನ ಮೇಲಿನ ಕಾಫಿ ಲೋಟಗಳನ್ನು ಒಂದು ಬದಿಗೆ ಸರಿಸತೊಡಗಿದಳು.